ಚುಚ್ಚದ ಕಂಬಳಿ

ನಾನು ಜಾಹೀರಾತು ಬರೆಯುವವನು. ಹಿರಿಯೂರಿನಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಕೋಣೆಯೇ ನನ್ನ ಆಫೀಸು. ಚಿತ್ರದುರ್ಗದ ಸೀರೆ ಅಂಗಡಿ, ಹೊಸದುರ್ಗದ ಹಲ್ಲಿನ ಡಾಕ್ಟರು, ಹೊಳಲ್ಕೆರೆಯ ಬೋರ್‌ವೆಲ್ ಲಾರಿಯವನು, ಯಾರೇ ಬರಲಿ, ಅವರ ಹೆಸರಿಗೆ ಒಂದು ಒಳ್ಳೆಯ ಮುಖ ಹಚ್ಚಿ ಕಳಿಸುತ್ತೇನೆ. ನೆಂಟರು ಬಂದಾಗ ನನ್ನ ಹೆಂಡತಿ, "ಇವ್ರು ಸುಳ್ಳು ಹೇಳಿ ಸಂಸಾರ ಸಾಕ್ತಾರೆ" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಅದೇ ಮಾತನ್ನು ನನ್ನ ಅವ್ವನ ಎದುರು ಹೇಳಿದಾಗ ಮಾತ್ರ ಸಿಟ್ಟು ಬರುತ್ತದೆ.

ಗಿರಾಕಿಗೆ ಎರಡು ಕಣ್ಣಿರುತ್ತವೆ. ಆದರೆ ಅವನು ನೋಡುವುದು ನಾವು ಬೆರಳು ತೋರಿಸಿದ ಕಡೆಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರೇ ಹೆಚ್ಚು. ಅಂಥವರ ಮೇಲೆ ನನಗೆ ಎಂದೂ ಮರುಕ ಬಂದಿಲ್ಲ, ಈಗಲೂ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿ ನನ್ನ ಆಫೀಸಿಗೆ ಬಂದ. ಉತ್ತರದ ಕಡೆಯ ಮಿಲ್ಲಿನಿಂದ ಲಾರಿಗಟ್ಟಲೆ ಕರಿ ಕಂಬಳಿ ತರಿಸಿ ಗೋಡೌನಿನಲ್ಲಿ ಪೇರಿಸಿಟ್ಟಿದ್ದ. ಒಂದು ಕಂಬಳಿಯನ್ನು ನನ್ನ ಮೇಜಿನ ಮೇಲೆ ಹರವಿದ. ಮುಟ್ಟಿದೆ. ಬೆಕ್ಕಿನ ಮರಿಯಂತೆ ಮೆತ್ತಗಿತ್ತು. ಅದರಲ್ಲಿ ಉಣ್ಣೆ ಎಷ್ಟಿದೆಯೋ, ಹಳೆಯ ಸ್ವೆಟರಿನ ನೂಲು ಎಷ್ಟಿದೆಯೋ, ತಂದವನಿಗೇ ಗೊತ್ತಿರಲಿಲ್ಲ.

"ನಮ್ ಕಡೆ ಜನ ಇದನ್ನ ಆಸ್ಪತ್ರೆ ಹೊದಿಕೆ ಅಂತ ಆಡ್ಕಂತಾರೆ ಸಾರ್," ಎಂದ. "ಇದು ನಮ್ಮ ನೆಲದ್ದೇ ಅನ್ನಂಗೆ ಏನಾರ ಮಾಡ್ರಿ."

ನಾನು ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು. ನಿಜವಾದ ಕಂಬಳಿ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಯಲ್ಲದಕೆರೆಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಕಂಬಳಿ ನೇಯುತ್ತಿದ್ದ. ಮನೆಯ ಪಡಸಾಲೆಯಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ್ದ. ಅತ್ತೆ ಉಣ್ಣೆಯನ್ನು ನೂಲುತ್ತಿದ್ದಳು, ಮಾವ ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದ. ಅವನ ಕಂಬಳಿ ಕುರಿಯ ವಾಸನೆ ಹೊಡೆಯುತ್ತಿತ್ತು, ಹೊದ್ದರೆ ಮೈಯೆಲ್ಲ ಚುಚ್ಚುತ್ತಿತ್ತು, ತಲೆಯ ಮೇಲಿಂದ ಗೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತರೆ ಒಂದು ಹನಿ ಒಳಗೆ ಇಳಿಯುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಆರು ವರ್ಷ ನಾನು ಆ ಮನೆಯಲ್ಲೇ ಉಂಡು ಬೆಳೆದೆ.

ನಮ್ಮವರಲ್ಲಿ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ. ಮದುವೆಗೆ, ದೇವರ ಕೆಲಸಕ್ಕೆ, ನ್ಯಾಯಕ್ಕೆ ಕರಿ ಕಂಬಳಿ ಹಾಸಿ, ಅದರ ಮೇಲೆ ಭಂಡಾರದ ಅರಿಶಿನ ಹಾಕಿ, ವೀಳ್ಯದೆಲೆ ಇಟ್ಟು ಗದ್ದುಗೆ ಮಾಡುತ್ತಾರೆ. ಗದ್ದುಗೆಯಾದ ಮೇಲೆ ಅದು ದೇವರ ಜಾಗ. ಅದರ ಮೇಲೆ ಕೂತೋ ನಿಂತೋ ಆಡಿದ ಮಾತು ಸುಳ್ಳಾಗಬಾರದು. ಆಣೆ ಮಾಡುವವನು ತನ್ನ ಮನೆಯ ಕಂಬಳಿಯನ್ನೇ ತರಬೇಕು, ಬರಿಗಾಲಲ್ಲಿ ಅದರ ಅಂಚಿನ ಮೇಲೆ ನಿಂತು ಹೇಳಬೇಕು. ಸುತ್ತಲ ನಾಲ್ಕು ಹಳ್ಳಿಗೆ ಗದ್ದುಗೆ ಹಾಕುವವನು ನನ್ನ ಮಾವನೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವುದನ್ನು ಅವನಷ್ಟು ನಂಬಿದ ಇನ್ನೊಬ್ಬನನ್ನು ನಾನು ಕಂಡಿಲ್ಲ.

ನನಗೆ ಎಂಟೋ ಒಂಬತ್ತೋ ವರ್ಷವಾಗಿದ್ದಾಗ ದೇವರಿಗೆ ಇಟ್ಟಿದ್ದ ಬೆಲ್ಲವನ್ನು ತಿಂದು, ನಾಯಿ ತಿಂತು ಎಂದು ಹೇಳಿದೆ. ಮಾವ ಬೈಯಲಿಲ್ಲ, ಹೊಡೆಯಲಿಲ್ಲ. ಮಗ್ಗದಿಂದ ಆಗಷ್ಟೇ ಇಳಿಸಿದ ಕಂಬಳಿಯನ್ನು ಹಾಸಿ, "ಬಾರಪ್ಪ, ಇದ್ರ ಮ್ಯಾಲೆ ನಿಂತು ಹೇಳು" ಅಂದ. ನಿಂತೆ. ಹೊಸ ಉಣ್ಣೆಯ ಎಳೆಗಳು ಅಂಗಾಲಿಗೆ ನೂರು ಕಡೆ ಚುಚ್ಚಿದವು. ಕಾಲು ಎತ್ತಿ ಇಡುವುದರೊಳಗೆ ಅಳು ಬಂತು, ಬೆಲ್ಲ ತಿಂದದ್ದನ್ನು ಒಪ್ಪಿಕೊಂಡೆ. ಮಾವ ನಕ್ಕು ಇನ್ನೊಂದು ಅಚ್ಚು ಬೆಲ್ಲ ಕೊಟ್ಟ.

ವ್ಯಾಪಾರಿ ಹೋದ ಮೇಲೆ ನನ್ನ ತಲೆಗೆ ಮೊದಲು ಬಂದದ್ದು ಆ ಮಾವನೇ. ಬೇಕಾದರೆ ಉಗಿಯಿರಿ.

ಮರುವಾರ ಫೋಟೋ ಸ್ಟುಡಿಯೋದವನನ್ನು ಕರೆದುಕೊಂಡು ಹಳ್ಳಿಗೆ ಹೋದೆ. ಮಾವನಿಗೆ ಅರ್ಧ ನಿಜ ಹೇಳಿದೆ. "ನಮ್ಮ ಕಡೆ ಕಂಬಳಿ ಬಗ್ಗೆ ಒಂದು ವಿಡಿಯೋ ಮಾಡ್ತಿದೀನಿ ಮಾವ. ಒಬ್ಬರು ಅಂಗಡಿಯೋರು ಮಾಡಿಸ್ತಾವ್ರೆ. ನೀನು ನೇಯೋದು ತೋರ್ಸು, ನಾಕು ಮಾತು ಹೇಳು ಸಾಕು."

"ನನ್ ಮುಸುಡಿ ಯಾರು ನೋಡ್ತಾರಲೇ," ಎಂದ. ಆದರೆ ಒಳಗೆ ಹೋಗಿ ಮುಖ ತೊಳೆದು, ಬಿಳಿ ರುಮಾಲು ಸುತ್ತಿಕೊಂಡು, ಮೀಸೆ ತೀಡಿಕೊಂಡು ಬಂದ. ಅತ್ತೆ ಬಾಗಿಲಲ್ಲಿ ನಿಂತು, "ಮದ್ಲಿಂಗನ ಕಳೆ ಬಂದೈತೆ" ಎಂದು ಕೆಣಕಿದಳು. ಅವನು ನಾಚಿಕೊಂಡ.

ನಾನೇ ಹೇಳಿದೆ, ಗದ್ದುಗೆ ಹಾಕಿ ಅದರ ಮೇಲೆ ಕೂತು ಹೇಳು, ನೋಡುವವರಿಗೆ ಚೆನ್ನಾಗಿ ಕಾಣುತ್ತದೆ ಎಂದು. ಅವನು ಒಪ್ಪಲಿಲ್ಲ. "ಗದ್ದುಗೆ ಆಟಕ್ಕೆ ಹಾಕದಲ್ಲಪ್ಪ. ಹಾಕಿದ್ರೆ ದಿಟನೇ ಹೇಳ್ಬೇಕು," ಎಂದ. "ದಿಟನೇ ಹೇಳು ಮಾವ, ನಿನ್ನ ಕಂಬಳಿ ಬಗ್ಗೆ ಸುಳ್ಳು ಹೇಳೋದು ಏನೈತೆ?" ಎಂದೆ. ಅದು ಸರಿ ಎನಿಸಿತು ಅವನಿಗೆ.

ತಾನೇ ನೇಯ್ದ ಕಂಬಳಿ ಹಾಸಿ, ಭಂಡಾರ ಹಾಕಿ, ಕೈಮುಗಿದು ಕೂತ. ಕ್ಯಾಮೆರಾ ನೋಡದೆ ಕಂಬಳಿಯನ್ನೇ ನೋಡುತ್ತಾ ಹೇಳಿದ. "ಇದು ನಮ್ ನೆಲದ ಕುರಿ ಉಣ್ಣೆ. ಕೈಯಾಗೆ ನೂತಿದ್ದು, ಕೈಯಾಗೆ ನೇಯ್ದಿದ್ದು. ಮಳೆ ಇಳಿಯಲ್ಲ, ಚಳಿ ತಟ್ಟಲ್ಲ. ಮೊಮ್ಮಕ್ಕಳ ಕಾಲಕ್ಕೂ ಹರಿಯಲ್ಲ. ಗದ್ದುಗೆ ಮ್ಯಾಲೆ ಕುಂತು ಹೇಳ್ತಿದೀನಿ, ಇದ್ರಾಗೆ ಮೋಸ ಇಲ್ಲ."

ನಾನು ಏನನ್ನೂ ಬರೆದುಕೊಟ್ಟಿರಲಿಲ್ಲ. ನನ್ನ ಕಸುಬಿನಲ್ಲಿ ಅಂಥ ನಾಲ್ಕು ಸಾಲು ನನಗೆ ಎಂದೂ ಬಂದಿಲ್ಲ, ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಹೊರಡುವಾಗ ಏನಾದರೂ ಕೊಡಲು ಹೋದರೆ ಕೈ ತಳ್ಳಿದ. "ಆ ಅಂಗಡಿಯೋರಿಗೆ ನನ್ ಮಗ್ಗದ್ದೂ ನಾಕು ಇಟ್ಕಳಾಕೆ ಹೇಳು," ಎಂದಷ್ಟೇ ಕೇಳಿದ. ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಆಫೀಸಿಗೆ ಬಂದು ಕತ್ತರಿಸಿದೆ. ಮಾವ "ಇದು ನಮ್ ನೆಲದ ಕುರಿ ಉಣ್ಣೆ" ಅನ್ನುವಾಗ ಅವನ ಮುಖ. "ಇದ್ರಾಗೆ ಮೋಸ ಇಲ್ಲ" ಅನ್ನುವಾಗ ಅಂಗಡಿಯಲ್ಲಿ ಪೇರಿಸಿದ ಮಿಲ್ಲಿನ ಕಂಬಳಿ. ನಡುವೆ ಕುರಿ ಹಿಂಡು, ಮಾರಿಕಣಿವೆಯ ನೀರು, ಸ್ವಲ್ಪ ಡೊಳ್ಳಿನ ಸದ್ದು. ಒಂದು ಅಕ್ಷರವೂ ಸುಳ್ಳಿಲ್ಲ, ವ್ಯಾಪಾರಿ ಬಂದು ನೋಡಿ ನನ್ನ ಕೈ ಹಿಡಿದು ಕುಣಿದುಬಿಟ್ಟ. ಲೇಬಲ್ಲಿನ ಮೇಲೆ ಮಾವನ ರುಮಾಲು, ಮೀಸೆಯ ಗೆರೆಚಿತ್ರ ಬಿತ್ತು. ಕೆಳಗೆ ದಪ್ಪಕ್ಷರದಲ್ಲಿ "ಗದ್ದುಗೆಯ ಮಾತು" ಎಂದು ಬರೆದೆ.

ಕಂಬಳಿ ಓಡಿತು ನೋಡಿ. ದುರ್ಗದ ಕೋಟೆ ನೋಡಲು ಬಂದವರು ಎರಡೆರಡು ಹೊತ್ತುಕೊಂಡು ಹೋದರು. ಹೊಸದುರ್ಗದಲ್ಲಿ ಮದುವೆಯ ಉಡುಗೊರೆಗೆ ಅದೇ ಬೇಕು ಎಂದರು. ನಿನ್ನೆಯವರೆಗೆ ಆಸ್ಪತ್ರೆ ಹೊದಿಕೆ ಅಂದವರು ಇಂದು ಅದನ್ನು ಮೂಸಿ, ಊರಿನ ವಾಸನೆ ಬರುತ್ತೆ ಅನ್ನುತ್ತಿದ್ದರು. ಬರುತ್ತಿದ್ದದ್ದು ಮಿಲ್ಲಿನ ಬಣ್ಣದ ವಾಸನೆ. ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಫ್ಲೆಕ್ಸಿನಲ್ಲಿ ಮಾವ ಕೈಮುಗಿದು ಕೂತಿದ್ದ. ನಾನು ಬೇಕೆಂದೇ ಆ ದಾರಿಯಲ್ಲಿ ಹೋಗಿ ನೋಡಿ ಬರುತ್ತಿದ್ದೆ. ನನ್ನ ಕೈಯಿಂದ ಹುಟ್ಟಿದ ಬ್ರ್ಯಾಂಡ್ ಒಂದು ಜನರ ಬಾಯಲ್ಲಿ ಬಂದದ್ದು ಅದೇ ಮೊದಲು.

ಆ ಮಳೆಗಾಲದಲ್ಲಿ ಜವನಗೊಂಡನಹಳ್ಳಿ ಕಡೆಯ ಒಬ್ಬ ಕುರಿಗಾಹಿ ನಮ್ಮ ಕಂಬಳಿಯನ್ನು ಕೊಂಡ. ಫ್ಲೆಕ್ಸಿನಲ್ಲಿ ಇದ್ದವನನ್ನು ಅವನು ಬಲ್ಲ. ಅವನ ಮಗಳ ಮದುವೆಗೆ ಗದ್ದುಗೆ ಹಾಕಿದ್ದವನು ಮಾವನೇ. ಆ ನಂಬಿಕೆಯ ಮೇಲೆ, ಹಟ್ಟಿಯಲ್ಲಿ ತಾನು ಹೊದೆಯದೆ, ಆಗಷ್ಟೇ ಹುಟ್ಟಿದ ನಾಲ್ಕು ಮರಿಗಳ ಮೇಲೆ ಹೊದಿಸಿ ಮಳೆಯಲ್ಲಿ ಬಿಟ್ಟು, ಚದುರಿದ ಕುರಿ ಹುಡುಕಲು ಹೋದ. ನಮ್ಮ ಕಂಬಳಿ ನೀರು ಕುಡಿದು ಒದ್ದೆ ಚೀಲದಂತಾಗಿ ಮರಿಗಳ ಮೇಲೆ ಕುಸಿದಿತ್ತು. ನಾಲ್ಕೂ ಸತ್ತಿದ್ದವು.

ಅವನು ಒದ್ದೆ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ನೇರ ಮಾವನ ಮನೆಗೆ ನಡೆದ. ಅತ್ತೆ ಆಮೇಲೆ ನನಗೆ ಹೇಳಿದ್ದು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಮಾವನ ಮುಂದೆ ಅದನ್ನು ಎಸೆದು, "ಗದ್ದುಗೆ ಮ್ಯಾಲೆ ಕುಂತು ಹೇಳಿದ್ಯಲ್ಲೋ. ಥೂ, ನಿನ್ ಬಾಯಿಗೆ ಮಣ್ ಹಾಕ" ಎಂದನಂತೆ. ಮಾವ ಆ ಕಂಬಳಿಯನ್ನು ಎತ್ತಿ, ಲೇಬಲ್ಲಿನ ಮೇಲೆ ತನ್ನದೇ ಮೀಸೆ ನೋಡಿದ. ಆವರೆಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಅವನ ಹತ್ತಿರ ಇದ್ದದ್ದು ವಿಡಿಯೋ ಬಾರದ, ಗುಂಡಿ ಒತ್ತುವ ಫೋನು.

ನಾಲ್ಕು ಹಳ್ಳಿಯ ಹಿರಿಯರು ಸೇರಿ, ಇದು ಇತ್ಯರ್ಥ ಆಗುವವರೆಗೆ ಮಾವ ಗದ್ದುಗೆ ಹಾಕುವಂತಿಲ್ಲ ಎಂದರು. ಮುಂದಿನ ತಿಂಗಳು ಅವನ ಕಿರಿಯ ಮಗಳ ಮದುವೆ ಇತ್ತು. ಊರವರ ಮಕ್ಕಳಿಗೆಲ್ಲ ಗದ್ದುಗೆ ಹಾಕಿದವನು ತನ್ನ ಮಗಳಿಗೆ ಹಾಕಬಾರದು ಎಂದರೆ ಏನರ್ಥ, ನೀವೇ ಹೇಳಿ.

ಮಾವ ಫೋನು ಮಾಡಿದ. ಬೈಯುತ್ತಾನೆ ಎಂದು ಕಾದಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಹಿರೇರ ಮುಂದೆ ಬಂದು ಒಂದು ಮಾತು ಹೇಳಿ ಹೋಗಪ್ಪ," ಎಂದ. "ನಾನು ಹೇಳಿದ್ದು ನನ್ ಕಂಬಳಿಗೆ ಅಂತ. ಆಟೇ. ಇನ್ನೇನೂ ಬ್ಯಾಡ."

ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಸುದ್ದಿ ವ್ಯಾಪಾರಿಯ ಕಿವಿಗೆ ಮೊದಲೇ ಬಿದ್ದಿತ್ತು. ಓಡಿ ಬಂದು ನನ್ನ ಎದುರು ಕೂತ. "ನೀವು ಹಂಗಂದ್ರೆ ನಾವೇ ಕತ್ತರಿಸಿ ಅಂಟಿಸಿದ್ವಿ ಅಂತ ಆಯ್ತದೆ. ಬ್ರ್ಯಾಂಡ್ ಸತ್ತೋಯ್ತು ಅಂತಲೇ ತಿಳ್ಕಳ್ರಿ. ನಿಮ್ ಹತ್ರ ಇನ್ಯಾರು ಬರ್ತಾರೆ?" ಎಂದ. ಅವನೇನೂ ನನ್ನ ಕುತ್ತಿಗೆ ಹಿಡಿಯಲಿಲ್ಲ. ಹಿಡಿದ ಎಂದು ಇಷ್ಟು ವರ್ಷ ಹೆಂಡತಿಗೆ ಹೇಳಿಕೊಂಡು ಬಂದಿದ್ದೇನೆ. ಅವನು ಹೋದ ಮೇಲೆ ಗೋಡೆಯ ಮೇಲಿದ್ದ ನನ್ನ ಫ್ಲೆಕ್ಸಿನ ಫೋಟೋವನ್ನು ಬಹಳ ಹೊತ್ತು ನೋಡುತ್ತಾ ಕೂತೆ. ಅದು ಸಾಯಬಾರದು ಎನಿಸಿತು.

ಆಣೆಗೆ ನನ್ನ ಮನೆಯ ಕಂಬಳಿ ಒಯ್ಯಬೇಕಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಅವ್ವನ ಮದುವೆಗೆ ಮಾವ ನೇಯ್ದುಕೊಟ್ಟದ್ದು. ಅವ್ವನ ಟ್ರಂಕಿನಲ್ಲಿ ಬೇವಿನ ಸೊಪ್ಪಿನ ನಡುವೆ ಮಡಿಚಿಟ್ಟಿತ್ತು. ಅವ್ವ ಹಿಂದಿನ ದಿನವೇ ಅಣ್ಣನ ಊರಿಗೆ ಹೋಗಿದ್ದಳು, ಟ್ರಂಕಿನ ಬೀಗದ ಕೈಯನ್ನು ನನ್ನ ಕೈಯಲ್ಲಿ ಕೊಟ್ಟೇ ಹೋಗಿದ್ದಳು. ನಾನು ಆ ಟ್ರಂಕನ್ನು ತೆಗೆಯಲಿಲ್ಲ. ಗೋಡೌನಿಗೆ ಹೋಗಿ, ಇದ್ದುದರಲ್ಲಿ ಒರಟಾಗಿ ಕಾಣುವ ಕರಿ ಕಂಬಳಿ ಆರಿಸಿ, ಬ್ಲೇಡಿನಿಂದ ಲೇಬಲ್ ಕಿತ್ತೆ. ಹೊಸದು ಎನಿಸಬಾರದು ಎಂದು ಸ್ವಲ್ಪ ಬೂದಿ ತಿಕ್ಕಿದೆ. ಮಾವನ ಕಂಬಳಿಯ ಮೇಲೆ ನಿಂತು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ದೇವರಿಗೆ ಹೆದರುತ್ತೇನೆಂದಲ್ಲ, ಕಾಲು ಎಲ್ಲಿ ನಿಜ ಹೇಳಿಬಿಡುತ್ತದೋ ಎಂದು.

ಬೆಳಗಿನ ಹೊತ್ತು, ಊರ ಮುಂದಿನ ಬೇವಿನ ಮರದ ಕೆಳಗೆ ಹಿರಿಯರು ಕೂತಿದ್ದರು. ಮರಿ ಸತ್ತ ಕುರಿಗಾಹಿ ಒಂದು ಕಡೆ, ಮಾವ ಒಂದು ಕಡೆ. ಅವ್ವ, ಅತ್ತೆ ಕಟ್ಟೆಯ ಪಕ್ಕ ಹೆಂಗಸರ ನಡುವೆ. "ಬರ್ರಿ, ಕುಂತ್ಕಳ್ರಿ" ಎಂದು ಪೇಟೆಯವನೆಂಬ ಮರ್ಯಾದೆ ಕೊಟ್ಟರು. ನಾನು ಕಂಬಳಿ ಹಾಸಿದೆ. ಅವ್ವ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ಭಂಡಾರ ಹಾಕಿದರು, ಎಲೆ ಇಟ್ಟರು. ಅಂಚಿನ ಮೇಲೆ ಬರಿಗಾಲಲ್ಲಿ ನಿಂತೆ. ಏನೂ ಚುಚ್ಚಲಿಲ್ಲ. ಮೆತ್ತಗಿತ್ತು, ಬೆಚ್ಚಗಿತ್ತು, ಕಾಲಿಗೆ ಹಿತವಾಗಿತ್ತು.

"ಹೇಳಪ್ಪ," ಎಂದರು ಹಿರಿಯರಲ್ಲಿ ಒಬ್ಬರು. "ನಿಮ್ ಮಾವ ಆ ಮಾತು ಯಾವ್ ಕಂಬಳಿಗೆ ಹೇಳಿದ್ದು?"

"ಅಂಗಡಿ ಕಂಬಳಿಗೇ," ಎಂದೆ. "ತಂದು ತೋರಿಸಿದ್ವಿ. ಮುಟ್ಟಿ ನೋಡಿ, ಚೆನ್ನಾಗೈತೆ ಅಂತ ಒಪ್ಪಿಯೇ ಹೇಳಿದ. ನೇಯೋನು ಅವನು, ನಮಗೇನು ಗೊತ್ತಾಗುತ್ತೆ?"

ಕುರಿಗಾಹಿ ನೆಲಕ್ಕೆ ಉಗಿದ. ಹಿರಿಯರು ಮಾವನ ಕಡೆ ತಿರುಗಿದರು.

ಮಾವ ಎದ್ದು ಬಂದ. ಗದ್ದುಗೆಗೆ ಕೈಮುಗಿಯಲು ಬಗ್ಗಿದವನ ಕೈ ಕಂಬಳಿಯ ಅಂಚಿಗೆ ತಾಗಿತು. ನಲವತ್ತು ವರ್ಷ ನೂಲು ಹಿಡಿದ ಬೆರಳು ಅದು. ಹೆಬ್ಬೆರಳು, ತೋರುಬೆರಳ ನಡುವೆ ಅಂಚನ್ನು ಹಿಡಿದು ಒಂದೇ ಸಲ ಉಜ್ಜಿದ. ಅಲ್ಲಿಗೆ ನಿಂತ. ತಲೆ ಎತ್ತಿ ನನ್ನ ಮುಖ ನೋಡಿದ. ಆಮೇಲೆ ಹೆಂಗಸರ ನಡುವೆ ಕೂತಿದ್ದ ತನ್ನ ತಂಗಿಯ ಕಡೆ ನೋಡಿದ. ಗದ್ದುಗೆಗೆ ಕಳ್ಳ ಕಂಬಳಿ ಹಾಸಿ ಸುಳ್ಳಾಡಿದವನ ಮನೆಗೆ ನಮ್ಮವರು ನೀರಿಗೂ ಹೋಗುವುದಿಲ್ಲ. ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ, ಸತ್ತರೆ ಹೆಗಲು ಕೊಡುವುದಿಲ್ಲ. ಆ ಮನೆಯಲ್ಲಿ ಅವನ ತಂಗಿ ಇದ್ದಳು. ನಾನು ಗೋಡೌನಿನಲ್ಲಿ ಕಂಬಳಿ ಆರಿಸುವಾಗ ಇದನ್ನೂ ಲೆಕ್ಕ ಹಾಕಿದ್ದೆ. ಗುರುತು ಹಿಡಿದರೂ ಅವನು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಗದ್ದುಗೆ ಮ್ಯಾಲೆ ನಿಂತು ಹೇಳ್ಯಾನೆ," ಎಂದ ಮಾವ. "ಇನ್ನೇನೈತೆ. ನನ್ದೇ ತಪ್ಪು."

ಕುರಿಗಾಹಿಗೆ ತನ್ನ ಹಟ್ಟಿಯಿಂದ ನಾಲ್ಕು ಮರಿ ಕೊಡಲು ಒಪ್ಪಿದ. ಇನ್ನು ಮೇಲೆ ಗದ್ದುಗೆ ಮುಟ್ಟುವುದಿಲ್ಲ ಎಂದು ತಾನೇ ಹೇಳಿದ. ಹಿರಿಯರಿಗೂ ಬೇಜಾರಾಯಿತು, ಒಬ್ಬರು ಕಣ್ಣೊರೆಸಿಕೊಂಡರು. ನಾನು ಕಂಬಳಿ ಮಡಿಚಿಕೊಂಡು ಬಂದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಹೇಡಿ ಅನ್ನಿಸಿಕೊಳ್ಳುತ್ತಿದ್ದೆ. ವಾಪಸು ಬರುವಾಗ, ಬಬ್ಬೂರು ದಾಟುವುದರೊಳಗೆ, ನನ್ನ ತಲೆಯಲ್ಲಿ ಹೊಸ ಸಾಲು ಸಿದ್ಧವಾಗಿತ್ತು. ಅದು ಹೊಳೆದದ್ದು ಗದ್ದುಗೆಯ ಮೇಲೆ ನಿಂತಾಗ, ಅಂಗಾಲಿಗೆ ಏನೂ ಚುಚ್ಚದೆ ಇದ್ದಾಗ. ಮಾವನ ಮೀಸೆಯನ್ನು ಲೇಬಲ್ಲಿನಿಂದ ತೆಗೆಸಿದೆ. ಒಂದು ಹಸುಗೂಸಿನ ಅಂಗಾಲು ಹಾಕಿಸಿದೆ. ಕೆಳಗೆ "ಚುಚ್ಚದ ಕಂಬಳಿ" ಎಂದು ಬರೆದೆ.

ಮೆತ್ತಗಿರುವುದು ಆವರೆಗೆ ನಮ್ಮ ಮಾಲಿನ ಕಳಂಕವಾಗಿತ್ತು, ಈಗ ಅದೇ ಅದರ ಗುಣವಾಯಿತು. ಕಂಬಳಿ ಮೇಲೆ ಕೂತು ಉಣ್ಣುತ್ತಾ ಕೂದಲು ಬಂತು ಎಂದರಂತೆ ಅನ್ನುವ ಗಾದೆ ನಮ್ಮಲ್ಲಿ ಇದೆಯಲ್ಲ, ನಾನು ಕೂದಲೇ ಇಲ್ಲದ ಕಂಬಳಿ ಮಾಡಿಕೊಟ್ಟೆ. ಬಾಣಂತಿಯರು ಕೊಂಡರು, ಹಾಸ್ಟೆಲ್ ಮಕ್ಕಳು ಕೊಂಡರು. ಕೈಮಗ್ಗದ ಕಂಬಳಿಯನ್ನು ಮುಟ್ಟಿದವರು, "ಅಯ್ಯೋ ಇದು ಚುಚ್ಚುತ್ತೆ" ಎಂದು ಕೆಳಗಿಡಲು ಕಲಿತರು. ಚುಚ್ಚುವುದು ತಪ್ಪು ಎಂದು ಅವರಿಗೆ ಅದಕ್ಕೆ ಮೊದಲು ಹೊಳೆದೇ ಇರಲಿಲ್ಲ. ಸುತ್ತಲ ಊರುಗಳಲ್ಲಿ ಇನ್ನೂ ಉಳಿದಿದ್ದ ಮಗ್ಗಗಳು ಎರಡೇ ವರ್ಷದಲ್ಲಿ ನಿಂತವು. ಅದಕ್ಕೆ ನಾನೇ ಕಾರಣ ಎಂದರೆ ಜಂಬವಾದೀತು, ಅಲ್ಲ ಎಂದರೆ ಸುಳ್ಳಾದೀತು.

ಹೊಸ ಲೇಬಲ್ ಬಿದ್ದ ಕೆಲವೇ ದಿನಕ್ಕೆ ಮಾವನ ಮಗಳ ಮದುವೆ ಬಂತು, ಹೋದೆ. ಹೋಗದಿದ್ದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತಿತ್ತು. ಬೇರೆ ಊರಿನ ಒಬ್ಬ ಹಿರಿಯ ಬಂದು ಗದ್ದುಗೆ ಹಾಕಿದ. ಗಂಡಿನ ಕಡೆಯವರು ಪೇಟೆಯಿಂದ ತಂದಿದ್ದ ಕಂಬಳಿ ಹಾಸಿದರು. ಮೂಲೆಯಲ್ಲಿ ಹಸುಗೂಸಿನ ಅಂಗಾಲಿನ ಲೇಬಲ್ ಇನ್ನೂ ಇತ್ತು. ಹುಡುಗಿ ಕೂತು, ಪಕ್ಕದವಳ ಕಿವಿಯಲ್ಲಿ "ಮೆತ್ತಗೈತೆ ಕಣೇ" ಎಂದಳು. ಮಾವ ಊಟದ ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದ. ನನ್ನ ಎಲೆಯ ಹತ್ತಿರ ಬಂದಾಗ ಲೋಟ ತುಂಬಿಸಿ, "ಹೋಳಿಗೆ ಹಾಕಿಸ್ಕಳಪ್ಪ" ಎಂದ. ಹಾಕಿಸಿಕೊಂಡೆ. ಎರಡು ತಿಂದೆ.

ಅವ್ವ ಈ ವಿಚಾರದಲ್ಲಿ ನನಗೆ ಒಂದು ಮಾತೂ ಆಡಿರಲಿಲ್ಲ. ಉಂಡ ಮನೆಗೆ ಎರಡು ಬಗೆದೆ ಎಂದು ಬೈಯುತ್ತಾಳೆ, ಅಳುತ್ತಾಳೆ, ಅಲ್ಲಿಗೆ ತೀರುತ್ತದೆ ಎಂದುಕೊಂಡಿದ್ದೆ. ಮದುವೆಯಿಂದ ಬಂದ ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಟು ಕೋಣೆಯಿಂದ ಹೊರಗೆ ಬಂದರೆ, ನಡುಮನೆಯಲ್ಲಿ ಅವ್ವ ತನ್ನ ಟ್ರಂಕಿನ ಕಂಬಳಿ ಹಾಸಿದ್ದಳು. ಭಂಡಾರ ಇಲ್ಲ, ಎಲೆ ಇಲ್ಲ. ಬರೀ ಕಂಬಳಿ. ಬೇವಿನ ಒಣಗಿದ ಎಲೆ ಅಲ್ಲಲ್ಲಿ ಅಂಟಿಕೊಂಡಿತ್ತು.

"ಇದು ನಿನ್ ಮನೆ ಕಂಬಳಿ," ಎಂದಳು. "ಇದ್ರ ಮ್ಯಾಲೆ ನಿಂತು, ಅವತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳು. ನಾನೊಬ್ಬಳೇ ಕೇಳ್ತೀನಿ. ಆಮೇಲೆ ಎತ್ತಿಡ್ತೀನಿ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನಗೆ ಹೊತ್ತಾಯಿತು ಎಂದೆ. ಗೋಡೆ ಹಿಡಿದು, ಕಂಬಳಿಯ ಅಂಚು ತುಳಿಯದ ಹಾಗೆ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡೆ.

ಮೂರು ವರ್ಷವಾಯಿತು. ಅವ್ವ ಅದನ್ನು ಎತ್ತಿಲ್ಲ. ದಿನಾ ಬೆಳಿಗ್ಗೆ ಕೊಡವಿ ಮತ್ತೆ ಅಲ್ಲೇ ಹಾಸುತ್ತಾಳೆ. ಹೆಂಡತಿ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಾಳೆ, ಮಕ್ಕಳು ಉರುಳಾಡಿ ಓದುತ್ತಾರೆ, ಬಂದ ನೆಂಟರು ಕೂತು ಕಾಫಿ ಕುಡಿದು, ಈಗ ಇಂಥ ಕಂಬಳಿ ಎಲ್ಲಿ ಸಿಗುತ್ತೆ ಅನ್ನುತ್ತಾರೆ. ನಾನು ನನ್ನ ಮನೆಯಲ್ಲಿ ಗೋಡೆ ಹಿಡಿದು ಓಡಾಡುತ್ತೇನೆ.